ಓಗೊಟ್ಟ ದೊಡ್ಡಮ್ಮ

ಆಸ್ಪತ್ರೆಯ ಅಡುಗೆಮನೆಯಲ್ಲಿ ಅವಳಿಗೆ ‘ಸಪ್ಪೆಯಮ್ಮ’ ಎಂದು ಹೆಸರು. ರಕ್ತದೊತ್ತಡದವರಿಗೆ, ಗಂಟಲಲ್ಲಿ ತುತ್ತು ಇಳಿಯದವರಿಗೆ ಉಪ್ಪು ಖಾರ ಬಿಟ್ಟು ಬೇಯಿಸಿಕೊಡುವುದು ಅವಳ ಕೆಲಸ. ಹೆಸರು ಕೆಲಸದಿಂದ ಬಂದದ್ದೇ ಹೊರತು ಅವಳೇನೂ ಸಪ್ಪೆ ಹೆಂಗಸಾಗಿರಲಿಲ್ಲ. ಪಾತ್ರೆ ತೊಳೆಯುವವರಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರನ್ನೂ ಗೇಲಿ ಮಾಡುತ್ತಿದ್ದಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, ನನ್ನ ಕೈಯಡುಗೆ ತಿಂದು ಬದುಕುವ ಗಂಡು ಇನ್ನೂ ಹುಟ್ಟಿಲ್ಲ ಎನ್ನುತ್ತಿದ್ದಳು.

ತಂಗಿ ಅದೇ ಆಸ್ಪತ್ರೆಯ ಮೂರನೇ ಮಹಡಿ ಸೇರಿದ ಮೇಲೆ ಆ ನಗು ನಿಂತಿತು. ಚಳಿಗಾಲವಿಡೀ ಅಕ್ಕ ತಾನೇ ಗಂಜಿ ಒಯ್ದು ಕುಡಿಸಿದಳು. ತಂಗಿ ಎರಡು ಚಮಚ ಕುಡಿದು ಮುಖ ತಿರುಗಿಸಿ, ಹುಷಾರಾದ ಮೇಲೆ ಮಕ್ಕಳನ್ನು ಕರೆದುಕೊಂಡು ಹೊರದೇಶಕ್ಕೆ ಹೋಗಬೇಕು, ಅಲ್ಲಿ ಬಾಯಿಗೆ ಬೇಕಾದ್ದು ತಿನ್ನಬೇಕು, ಕಾಡುಪ್ರಾಣಿ ನೋಡಬೇಕು ಎನ್ನುತ್ತಿದ್ದಳು. ಹುಷಾರಾಗಲಿಲ್ಲ. ಅವಳು ತೀರಿಹೋದಾಗ ಅಕ್ಕ ಅಳಲಿಲ್ಲ. ಬಂದ ನೆಂಟರಿಗೆ ಕಾಫಿ ಕೊಟ್ಟಳು, ಲೋಟ ತೊಳೆದಳು, ರಜೆ ಮುಗಿದ ಕೂಡಲೇ ಕೆಲಸಕ್ಕೆ ಹೋದಳು. ಕಲ್ಲು ಮನಸ್ಸು ಎಂದರು ಕೆಲವರು. ಇರಬಹುದು ಎಂದುಕೊಂಡಳು. ಆ ಮಾತೂ ಅವಳಿಗೆ ನಾಟಲಿಲ್ಲ.

ತಂಗಿಯ ಗಂಡ ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್, ಮಾತು ಕಡಿಮೆ. ಮರುವರ್ಷ ಮಕ್ಕಳ ರಜೆ ಬಂದಾಗ, ಅವಳು ಹೇಳಿದ್ದ ಜಾಗಕ್ಕೇ ಹೋಗಿಬರೋಣ, ನೀವೂ ಬನ್ನಿ ಅಕ್ಕ, ಎಂದ.

“ನಿಮ್ಮ ಮಧ್ಯೆ ನಾನ್ಯಾಕೆ, ಶಿವಪೂಜೇಲಿ ಕರಡಿ ಬಿಟ್ಟ ಹಾಗೆ?” ಎಂದಳು ಅವಳು.

ಇಬ್ಬರು ಹೆಣ್ಣುಮಕ್ಕಳಲ್ಲಿ ಕಿರಿಯವಳಿಗೆ ಕೇಳಿಸಿದ್ದು ಒಂದೇ ಪದ. “ಅಲ್ಲಿ ನಿಜವಾದ ಕರಡೀನೇ ಇದೆಯಂತೆ ದೊಡ್ಡಮ್ಮ” ಎಂದಳು. ಹೂಂ ಎನ್ನುವುದೂ ಉಹೂಂ ಎನ್ನುವುದೂ ಆಗ ದೊಡ್ಡಮ್ಮನಿಗೆ ಒಂದೇ ಆಗಿತ್ತು. ಹೂಂ ಎಂದಳು.

ಹೋದ ಕಡೆ ಎಲ್ಲವೂ ಚೆನ್ನಾಗಿತ್ತು. ಗುಡ್ಡದ ಇಳಿಜಾರಿನಲ್ಲಿ ದ್ರಾಕ್ಷಿ ಬಳ್ಳಿ, ಕಲ್ಲಿನ ಸಣ್ಣ ಬೀದಿಗಳು, ಕಿಟಕಿಗೊಂದು ಹೂಕುಂಡ. ತಟ್ಟೆಯ ಮೇಲೆ ತಟ್ಟೆ ಬಂತು, ಎಲ್ಲವನ್ನೂ ತಿಂದಳು. ಯಾವುದರ ರುಚಿ ಹೇಗಿತ್ತು ಎಂದು ಕೇಳಿದ್ದರೆ ತಡವರಿಸುತ್ತಿದ್ದಳು. ವೈನ್ ಮಾಡುವ ಮನೆಯ ತಣ್ಣನೆಯ ನೆಲಮಾಳಿಗೆಯಲ್ಲಿ ಯಜಮಾನ ಅವಳಿಗೂ ಒಂದು ಗುಟುಕು ಬಗ್ಗಿಸಿ, ನಾಲಿಗೆಗೆ ಏನು ಸಿಕ್ಕಿತು ಎಂದು ಹರುಕುಮುರುಕು ಇಂಗ್ಲಿಷಿನಲ್ಲಿ ಕೇಳಿದ. ಪಕ್ಕದಲ್ಲಿದ್ದವರು ಜೇನು, ಹೊಗೆ, ಒದ್ದೆ ಮರ ಎಂದೆಲ್ಲ ಹೇಳುತ್ತಿದ್ದರು. ಇವಳು “ಹುಳಿ” ಎಂದಳು. ಎಲ್ಲರೂ ನಕ್ಕರು. ನಿಮ್ಮ ಹೆಂಡತಿ ಬಲು ತಮಾಷೆಯವರು ಎಂದ ಯಜಮಾನ, ತಂಗಿಯ ಗಂಡನ ಬೆನ್ನು ತಟ್ಟಿ. ಅವನು ತೊದಲುತ್ತ ತಿದ್ದಿದ. ಹಿರಿಯವಳು, ಹದಿನಾಲ್ಕರ ಹುಡುಗಿ, ಎದ್ದು ಹೊರಗೆ ಹೋದಳು.

ಮರುದಿನ ಕಾಡಿಗೆ ಹೋದರು. ಮರದ ಹಲಗೆಯ ಗೂಡಿನೊಳಗೆ ಸಾಲಾಗಿ ಕೂತು, ಉಸಿರು ಬಿಗಿಹಿಡಿದು ಸೀಳುಕಿಂಡಿಯಲ್ಲಿ ನೋಡಬೇಕು. ಪಿಟ್ಟೆನ್ನಬಾರದು ಎಂದು ಕಾವಲುಗಾರ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ್ದ. ಕಾಲು ಜೋಮು ಹಿಡಿಯುವಷ್ಟು ಹೊತ್ತು ಕೂತ ಮೇಲೆ ಪೊದೆ ಅಲುಗಿತು. ಕರಡಿ ಬಂತು. ಅದರ ಹಿಂದೆ ಉರುಳುತ್ತ ಒಂದು ಮರಿ.

“ಅಮ್ಮಾ, ಮರಿ ನೋಡು” ಎಂದಳು ಕಿರಿಯವಳು.

ಗೂಡಿನಲ್ಲಿ ಯಾರೂ ಮಿಸುಕಲಿಲ್ಲ. ಅಪ್ಪ ತಲೆ ತಗ್ಗಿಸಿದ. ಕೂಗಿದ ಮಗುವಿನ ಮುಖವೂ ಬಿಳಿಚಿಕೊಂಡಿತು.

“ನೋಡ್ದೆ ಪುಟ್ಟಿ” ಎಂದಳು ದೊಡ್ಡಮ್ಮ.

ಕರಡಿ ಕಿವಿ ನಿಮಿರಿಸಿ, ಮರಿಯನ್ನು ಮುಂದಕ್ಕೆ ತಳ್ಳಿಕೊಂಡು ಮರೆಯಾಯಿತು. ಕಾವಲುಗಾರ ಗೊಣಗಿದ. ಹೋಟೆಲಿಗೆ ಮರಳಿದ ಕೂಡಲೇ ಹಿರಿಯವಳು ದೊಡ್ಡಮ್ಮನನ್ನು ದಾಟಿ ಮುಂದೆ ನಡೆದಳು. ಮೆಟ್ಟಿಲ ಬುಡದಲ್ಲಿ ಅಡ್ಡ ನಿಂತು ಕೇಳಿದಳು:

“ನೀನ್ಯಾಕೆ ಓಗೊಟ್ಟೆ? ನೀನೇನು ನಮ್ಮಮ್ಮನಾ?”

“ಅಲ್ಲ” ಎಂದಳು ದೊಡ್ಡಮ್ಮ. “ಮಗು ಕರೀತು. ಯಾರಾದ್ರೂ ಓ ಅನ್ನಬೇಕಿತ್ತು.”

ಹುಡುಗಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. “ಅವಳಿಗಾದ್ರೂ ಬಾಯಿಗೆ ಬಂತು. ನಂಗೆ ಅಮ್ಮಾ ಅಂತ ಕರೆಯೋಕೂ ಬರಲ್ಲ” ಎಂದಳು. ಬಿಕ್ಕಿ ಬಿಕ್ಕಿ ಅತ್ತಳು. ದೊಡ್ಡಮ್ಮ ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟಳು. ತನಗೂ ಈಗ ಅಳು ಬರಬಹುದು ಎಂದು ಕಾದಳು. ಬರಲಿಲ್ಲ. ಅಂಗೈಯ ಅಡಿಯಲ್ಲಿ ಹುಡುಗಿಯ ಬೆನ್ನು ಏರಿಳಿಯುವುದು ಮಾತ್ರ ತಿಳಿಯುತ್ತಿತ್ತು.

ಸಂಜೆ ಊರ ಚೌಕದಲ್ಲಿ ಅಲ್ಲಿಯವರು ಕೈ ಕೈ ಹಿಡಿದು ಸುತ್ತುಗಟ್ಟಿ ಕುಣಿಯುತ್ತಿದ್ದರು. ಬೊಚ್ಚುಬಾಯಿಯ ಅಜ್ಜಿಯೊಬ್ಬಳು ಕೇಳದೆ ಮಾಡದೆ ದೊಡ್ಡಮ್ಮನ ಕೈ ಹಿಡಿದೆಳೆದಳು. ಇವಳು ಕಿರಿಯವಳನ್ನು ಎಳೆದುಕೊಂಡಳು. ಹೆಜ್ಜೆ ತಪ್ಪಿತು, ಅಜ್ಜಿ ಕಾಲು ತುಳಿಸಿಕೊಂಡು ನಕ್ಕಳು. ಖುಷಿ ಎನ್ನುವಂಥದ್ದೇನೂ ಇವಳಿಗೆ ಆಗಲಿಲ್ಲ. ಆದರೂ ಹಾಡು ಮುಗಿಯುವವರೆಗೆ ಸುತ್ತು ಬಿಟ್ಟು ಬರಲಿಲ್ಲ.

ಊರಿಗೆ ಮರಳಿದ ಮೇಲೆ ತಂಗಿಯ ಗಂಡ, ಬಾಡಿಗೆ ಕೋಣೆ ಬಿಟ್ಟು ಮನೆಗೇ ಬಂದುಬಿಡಿ ಅಕ್ಕ, ಎಂದು ನೆಲ ನೋಡುತ್ತ ಹೇಳಿದ. ಮಕ್ಕಳ ಕೋಣೆಯಲ್ಲಿ ಮೂರನೇ ಮಂಚ ಹಾಕಿದ್ದೇವೆ ಎಂದ. ಜನ ಆಡಿಕೊಳ್ಳುತ್ತಾರೆ ಎಂದಳು ಇವಳು. ಆಡಿಕೊಂಡವರು ಬಂದು ಮಕ್ಕಳಿಗೆ ಜಡೆ ಹಾಕುತ್ತಾರಾ ಎಂದ ಅವನು. ಅವನ ಬಾಯಿಂದ ಅಷ್ಟು ಉದ್ದದ ಮಾತು ಬಂದದ್ದೇ ಹೆಚ್ಚು.

ಇವಳು ಎರಡು ಚೀಲ ಹಿಡಿದು ಬಂದಾಗ ಹಿರಿಯವಳು ತನ್ನ ಬೀರುವಿನ ಮೇಲಿನ ಎರಡು ಖಾನೆ ಖಾಲಿ ಮಾಡುತ್ತಿದ್ದಳು.

“ಅಮ್ಮನ ಬೀರು ಮುಟ್ಟಬೇಡ. ಇದ್ರಲ್ಲಿ ಇಟ್ಕೋ” ಎಂದಳು.

“ಆಯ್ತು” ಎಂದು ದೊಡ್ಡಮ್ಮ ಚೀಲ ಬಿಚ್ಚಿ ಸೀರೆ ಮಡಚತೊಡಗಿದಳು. ಹುಡುಗಿ ಬಂದು ಇನ್ನೊಂದು ತುದಿ ಹಿಡಿದುಕೊಂಡಳು.