ಏಳು ಕೈ, ಒಂದು ಕೊಕ್ಕೆ

ಅವಳ ಮನೆಯ ಬೀರುವಿನ ಮೇಲೆ ಏಳು ಕೈಗಳಿವೆ. ಏಳೂ ಬಲಗೈಗಳೇ, ಏಳೂ ಪ್ಲಾಸ್ಟಿಕ್ಕಿನವೇ. ಒಂದು ನೀಲಿ, ಎರಡು ಬಿಳಿ, ಇನ್ನೊಂದಕ್ಕೆ ಚರ್ಮದ ಬಣ್ಣ ಬಳಿಯಲು ಹೋಗಿ ಮಾಸಿದ ಬ್ಯಾಂಡೇಜಿನ ಬಣ್ಣ ಬಂದುಬಿಟ್ಟಿದೆ. ಬಿಳಿ ಕೈಯೊಂದರ ಹೆಬ್ಬೆರಳಿಗೆ ಗಂಡ ತನ್ನ ಒದ್ದೆ ಟವೆಲ್ ನೇತುಹಾಕುತ್ತಾನೆ. "ಏಳರಲ್ಲಿ ಇದೊಂದೇ ಕಣೇ ಕೆಲಸಕ್ಕೆ ಬಂದಿದ್ದು" ಎಂದು ಅವನು ನಗುವಾಗ ಅವಳಿಗೂ ನಗು ಬರುತ್ತದೆ. ಆಮೇಲೆ ಆ ಕೈಗಳಿಗೆ ಬೆನ್ನು ಹಾಕಿ ಕೂರುತ್ತಾಳೆ.

ಅವಳು ಬೈಂಡಿಂಗ್ ಅಂಗಡಿಯವಳು. ಅಂಗಡಿಗೆ ಬರುವವರಿಗೆಲ್ಲ ಹೊಲಿಗೆ ಅಕ್ಕ. ಹನ್ನೊಂದು ವರ್ಷದ ಹಿಂದೆ ಅದೇ ಅಂಗಡಿಯ ಕಟಿಂಗ್ ಮಷಿನ್ ಅವಳ ಬಲಗೈಯನ್ನು ಮಣಿಕಟ್ಟಿನ ಮೇಲಿನವರೆಗೂ ತೆಗೆದುಕೊಂಡಿತು. ಗಾಯ ಮಾಗಿದ ಮೇಲೆ ಎಡಗೈಯಲ್ಲಿ ಸೂಜಿ ಹಿಡಿಯುವುದನ್ನು ಮೊದಲಿಂದ ಕಲಿತಳು. ಹೊಲಿಯುವುದು ಒಂದೇ ಕೈಯಲ್ಲಿ ಆಗುತ್ತದೆ. ಆಗದಿರುವುದು ಹಿಡಿಯುವುದು. ಇನ್ನೂರು ಹಾಳೆಯ ಕಟ್ಟನ್ನು ಅಲುಗಾಡದಂತೆ ಒತ್ತಿ ಹಿಡಿದು, ದಾರ ಎಳೆದಾಗಲೆಲ್ಲ ಅದು ಸಡಿಲವಾಗದಂತೆ ಕಚ್ಚಿಕೊಂಡಿರಲು ಇನ್ನೊಂದು ಏನಾದರೂ ಬೇಕೇ ಬೇಕು.

ಅಂಗಡಿಯಿಂದ ಎರಡು ಬೀದಿ ದಾಟಿದರೆ ದೊಡ್ಡ ಕಾಲೇಜು. ಅಲ್ಲಿನ ಬಯೋಮೆಡಿಕಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಎಂ.ಟೆಕ್., ಪಿಎಚ್‌.ಡಿ. ಮಾಡುವ ಮಕ್ಕಳು ವರ್ಷ ವರ್ಷ ಒಂದು ಕೃತಕ ಕೈ ಮಾಡುತ್ತಾರೆ. ಕೈ ಮಾಡಿದ ಮೇಲೆ ಅದನ್ನು ಹಾಕಿಕೊಳ್ಳಲು ಕೈಯಿಲ್ಲದವರೊಬ್ಬರು ಬೇಕಲ್ಲ, ಅದು ಇವಳು. ಅವರ ಪುಸ್ತಕಗಳಲ್ಲಿ ಇವಳ ಹೆಸರು ಯೂಸರ್ ಒನ್. ಯೂಸರ್ ಟೂ ಯಾರು ಎಂದು ಒಮ್ಮೆ ಕೇಳಿದ್ದಳು. ಹುಡುಕುತ್ತಾ ಇದ್ದೀವಿ ಅಂದರು. ಆರು ವರ್ಷವಾಯಿತು, ಇನ್ನೂ ಹುಡುಕುತ್ತಲೇ ಇದ್ದಾರೆ.

ಆ ಕೈಗಳು ಏನೇನು ಮಾಡುತ್ತವೆ ಅನ್ನುತ್ತೀರಿ. ಒಂದು ಟಾಟಾ ಮಾಡುತ್ತದೆ. ಒಂದು ಫೋನಿನ ಮಾತು ಕೇಳಿ ಮುಷ್ಟಿ ಕಟ್ಟುತ್ತದೆ. ಒಂದಕ್ಕೆ ಬೆರಳ ತುದಿಯಲ್ಲಿ ದೀಪ. ಎಲ್ಲವೂ ನೀರಿನ ಬಾಟಲಿ ಎತ್ತುತ್ತವೆ, ಯಾಕೆಂದರೆ ಅಲ್ಲಿ ಪರೀಕ್ಷೆಯೆಂದರೆ ಬಾಟಲಿ ಎತ್ತುವುದು. ಬಾಟಲಿ ಮೇಲಕ್ಕೆ ಹೋದರೆ ಚಪ್ಪಾಳೆ. ಬಾಟಲಿ ಎತ್ತಲು ಇವಳಿಗೆ ಎಡಗೈ ಇದೆ ಅನ್ನುವುದು ಏಳು ವರ್ಷದಲ್ಲಿ ಒಂದು ಪ್ರಾಣಿಗೂ ಹೊಳೆಯಲಿಲ್ಲ.

ತಪ್ಪಾಯಿತು, ಒಬ್ಬನಿಗೆ ಹೊಳೆದಿತ್ತು. ಮೊದಲ ಕೈ ಬಂದ ವರ್ಷವೇ ಒಬ್ಬ ಬಂದಿದ್ದ. ಮಾತು ಕಡಿಮೆ, ಯಾವಾಗಲೂ ಕಬ್ಬಿಣ ಉಜ್ಜುವ ಅರ ಹಿಡಿದುಕೊಂಡು ಕೂತಿರುತ್ತಿದ್ದ, ಜೊತೆಯವರು ಅವನನ್ನು ಕಬ್ಬಿಣ ಅನ್ನುತ್ತಿದ್ದರು. ಅವನು ಏನೂ ಅಳತೆ ತೆಗೆಯದೆ ಎರಡು ದಿನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಅವಳು ಹೊಲಿಯುವುದನ್ನೇ ನೋಡಿದ. ಮೂರನೆಯ ವಾರ ಒಂದು ಕೊಕ್ಕೆ ತಂದ. ಉಕ್ಕಿನದು, ಬೆರಳಿಲ್ಲ, ಬಣ್ಣವಿಲ್ಲ. ಎರಡು ಚಪ್ಪಟೆ ದವಡೆ, ನಡುವೆ ಒಂದು ಸ್ಪ್ರಿಂಗ್, ಭುಜ ಸ್ವಲ್ಪ ಮುಂದೆ ತಂದರೆ ಬಾಯಿ ತೆರೆಯುವ ಹಾಗೆ ಒಂದು ಪಟ್ಟಿ. ಹಾಳೆಯ ಕಟ್ಟನ್ನು ಅದು ಕಚ್ಚಿ ಹಿಡಿದರೆ ಬಿಡು ಅನ್ನುವ ತನಕ ಬಿಡುತ್ತಿರಲಿಲ್ಲ. ಆ ಕೊಕ್ಕೆಗೆ ಅವನಿಗೆ ತರಗತಿಯಲ್ಲೇ ಕಡಿಮೆ ಅಂಕ ಸಿಕ್ಕಿತಂತೆ, ಹೊಸತನವಿಲ್ಲ ಎಂದು. ಅವನು ಎಲ್ಲಿಗೋ ಹೋದ. ಅವಳು ಆ ಕೊಕ್ಕೆಯಲ್ಲಿ ಏಳು ವರ್ಷ ಅನ್ನ ದುಡಿದಳು.

ಈ ವರ್ಷ ಸ್ಪ್ರಿಂಗ್ ಸೋತಿತು. ದವಡೆ ಕಚ್ಚುವುದು ನಿಂತು ಸುಮ್ಮನೆ ಮುಟ್ಟತೊಡಗಿತು. ಪೇಟೆಯ ಸ್ಪ್ರಿಂಗ್‌ಗಳು ಒಂದೋ ಗಿಡ್ಡ, ಇಲ್ಲ ಗಟ್ಟಿ. ಗಂಡ ರಬ್ಬರ್ ಸುತ್ತಿ ಕೊಟ್ಟ, ಅದು ಒಂದು ದಿನಕ್ಕೆ ಹರಿಯಿತು. ಅಷ್ಟರಲ್ಲಿ ಥೀಸಿಸ್ ಕಾಲ ಹತ್ತಿರ ಬಂತು. ಕಾಲೇಜಿನ ಮಕ್ಕಳೆಲ್ಲ ಒಂದೇ ಸಲ ಕಟ್ಟು ಕಟ್ಟು ಹಾಳೆ ಹೊತ್ತು ತರುವ ಮೂರು ವಾರ ಅದು, ಅಂಗಡಿ ವರ್ಷವಿಡೀ ನಿಲ್ಲುವುದು ಅದರ ಮೇಲೆ. ಮಾಲೀಕ ಕೆಟ್ಟವನಲ್ಲ, ಆದರೆ ಅವನ ಹೆಂಡತಿಯ ತಮ್ಮ ಮನೆಯಲ್ಲಿ ಖಾಲಿ ಕೂತಿದ್ದ.

"ಸೋಮವಾರದಿಂದ ಶುರುವಾಗತ್ತೆ ಅಕ್ಕ. ಆಗತ್ತಾ ಇಲ್ವಾ ಹೇಳಿಬಿಡಿ. ಆಗಲ್ಲ ಅಂದ್ರೆ ಆ ಟೇಬಲ್ಲಿಗೆ ಭಾಮೈದನ್ನ ಕೂರಿಸ್ತೀನಿ. ಬೇಜಾರು ಮಾಡ್ಕೋಬೇಡಿ."

ಟೇಬಲ್ ಒಂದು ಸಲ ಭಾಮೈದನದಾದರೆ ಮತ್ತೆ ಇವಳದಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಗುರುವಾರ ಬೆಳಿಗ್ಗೆ ಅವಳು ಕೊಕ್ಕೆಯನ್ನು ಚೀಲಕ್ಕೆ ಹಾಕಿಕೊಂಡು ಕಾಲೇಜಿಗೆ ಹೊರಟಳು.

ಅವಳ ಗ್ರಹಚಾರಕ್ಕೆ ಆ ದಿನ ವಿಭಾಗದಲ್ಲಿ 'ಅವಕಾಶಗಳ ದಿನ'. ಬಾಗಿಲಿನಿಂದ ಹಿಡಿದು ಮೆಟ್ಟಿಲ ತನಕ ಮೇಜುಗಳು. ಒಂದು ಮೇಜಿನಲ್ಲಿ ವಿದ್ಯಾರ್ಥಿ ಸಂಘಕ್ಕೆ ಸೇರಿ, ಒಂದರಲ್ಲಿ ಆಸ್ಪತ್ರೆ ತರಬೇತಿಗೆ ಸೇರಿ, ಒಂದರಲ್ಲಿ ಹೊರದೇಶದ ಸಮ್ಮೇಳನಕ್ಕೆ ಅರ್ಜಿ ಹಾಕಿ, ಇನ್ನೊಂದರಲ್ಲಿ ಬಡವರಿಗಾಗಿ ಯಂತ್ರ ಮಾಡುವ ಸ್ಪರ್ಧೆ. ಮಕ್ಕಳು ಮೇಜಿನಿಂದ ಮೇಜಿಗೆ ಹೋಗಿ ಹೆಸರು ಬರೆಸುತ್ತಿದ್ದರು, ಬಿಸ್ಕತ್ತು ತಿನ್ನುತ್ತಿದ್ದರು, ಒಬ್ಬರಿಗೊಬ್ಬರು ಫೋಟೋ ತೆಗೆಯುತ್ತಿದ್ದರು. ಚೀಲದಿಂದ ಕೊಕ್ಕೆ ತೆಗೆದು ನಿಂತ ಹೆಂಗಸಿಗೆ ಯಾರೂ ದಾರಿ ಬಿಡಲಿಲ್ಲ. ಆಮೇಲೆ ಒಬ್ಬ ಗುರುತು ಹಿಡಿದು ಕೂಗಿದ, "ಏ, ಯೂಸರ್ ಒನ್ ಬಂದಿದ್ದಾರೆ." ಎಲ್ಲರೂ ತಿರುಗಿ ನೋಡಿದರು. ಅವಳಿಗೆ ಮೈಯೆಲ್ಲ ಉರಿಯಿತು.

ಓಡಿ ಬಂದವಳು ಈ ವರ್ಷದ ಕೈ ಮಾಡಿದ ಹುಡುಗಿ. ಕೊನೆಯ ವರ್ಷದವಳು. ಯಾವ ಕೆಲಸ ಹೇಳಿದರೂ ಮೊದಲು "ಇದಕ್ಕೆ ಪಾಯಿಂಟ್ ಇದೆಯಾ" ಎಂದು ಕೇಳುತ್ತಾಳೆಂದು ಜೊತೆಯವರು ಅವಳಿಗೆ ಪಾಯಿಂಟು ಎಂದೇ ಹೆಸರಿಟ್ಟಿದ್ದರು.

"ಅಕ್ಕಾ, ಒಳ್ಳೇ ಟೈಮಿಗೆ ಬಂದ್ರಿ. ನಮ್ಮ ಡೆಮೋ ಇದೆ. ಹೊಸ ಕೈ ಹಾಕ್ಕೊಂಡು ಅತಿಥಿಗಳಿಗೆ ಒಂದು ಶೇಕ್‌ಹ್ಯಾಂಡ್ ಕೊಟ್ಟುಬಿಡಿ, ಅಷ್ಟೇ."

"ನನಗೆ ಈ ಸ್ಪ್ರಿಂಗ್ ಹಾಕಿಕೊಡಿ ಮಗಾ. ಸೋಮವಾರದೊಳಗೆ ಬೇಕು. ಇದು ಹೋದ್ರೆ ನನ್ನ ಕೆಲಸಾನೇ ಹೋಗತ್ತೆ."

"ರಿಪೇರಿನಾ?" ಹುಡುಗಿ ಮೂಗು ಮುರಿದಳು. "ನಮ್ಮಲ್ಲಿ ರಿಪೇರಿಯನ್ನ ಪ್ರಾಜೆಕ್ಟ್ ಅಂತ ತಗೊಳ್ಳಲ್ಲ ಅಕ್ಕ." ಆಮೇಲೆ ಕೊಕ್ಕೆಯನ್ನು ತಿರುವಿ ಮುರುವಿ ನೋಡಿದಳು. ನೋಟ ಬದಲಾಯಿತು. "ಇರಲಿ, ಕೊಡಿ. ಲ್ಯಾಬಿಗೆ ಕೊಡ್ತೀನಿ. ಶನಿವಾರ ಬನ್ನಿ. ಇಲ್ಲೊಂದು ಸಹಿ ಹಾಕಿ."

ಇಂಗ್ಲಿಷಿನಲ್ಲಿದ್ದ ಕಾಗದ. ರಿಪೇರಿಗೆ ಕೊಟ್ಟ ರಸೀದಿಯಿರಬೇಕು ಎಂದುಕೊಂಡು ಅವಳು ಎಡಗೈಯಲ್ಲಿ ಸಹಿ ಹಾಕಿದಳು. ಸ್ಪ್ರಿಂಗಿನ ಆಸೆಗೆ ವೇದಿಕೆಯನ್ನೂ ಹತ್ತಿದಳು. ಹೊಸ ಕೈ ಅತಿಥಿಯ ಕೈಯನ್ನು ಹಿಡಿಯಿತು, ಆದರೆ ಬಿಡಲಿಲ್ಲ. ಅತಿಥಿ ಹಲ್ಲು ಕಿರಿಯುತ್ತಾ ನಿಂತರು, ಇಬ್ಬರು ಹುಡುಗರು ಬಂದು ಒಂದೊಂದೇ ಬೆರಳು ಬಿಡಿಸಿದರು. ಅದಕ್ಕೂ ಚಪ್ಪಾಳೆ ಬಿತ್ತು.

ಶನಿವಾರ ಲ್ಯಾಬಿನಲ್ಲಿ ಪಾಯಿಂಟು ಅವಳನ್ನು ಕೈಹಿಡಿದು ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿದಳು. ಒಳಗೆ ಕೊಕ್ಕೆ. ಉದ್ದಕ್ಕೆ ಸರಿಯಾಗಿ ಎರಡು ಹೋಳು. ಕುಯ್ದ ಮುಖಕ್ಕೆ ಪಾಲಿಶ್ ಹಾಕಿ ಕನ್ನಡಿಯ ಹಾಗೆ ಹೊಳೆಯಿಸಿದ್ದರು. ಪಕ್ಕದಲ್ಲಿ ಬಾಣದ ಗುರುತುಗಳು, ಸಂಖ್ಯೆಗಳು.

"ನೋಡಿ ಅಕ್ಕಾ, ಒಳಗಿನ ಜೋಡಣೆ ಎಷ್ಟು ಚೆನ್ನಾಗಿದೆ ಅಂತ. ಏಳು ವರ್ಷ ಬಳಸಿದ ಮಾದರಿ ಯಾರ ಹತ್ರಾನೂ ಇಲ್ಲ. ಸವೆತ ಎಲ್ಲೆಲ್ಲಿ ಆಗಿದೆ ಅಂತ ಕುಯ್ದ ಮೇಲೇ ಗೊತ್ತಾಗಿದ್ದು. ಗೈಡ್ ಸರ್‌ಗೆ ಖುಷಿಯೋ ಖುಷಿ."

ಅವಳು ಗಾಜಿನ ಮೇಲೆ ಎಡಗೈ ಇಟ್ಟು ನಿಂತಳು. ಹುಡುಗಿಯ ಮುಖದಲ್ಲಿ ಕಪಟ ಇರಲಿಲ್ಲ, ಅದೇ ಇನ್ನೂ ಅಸಹ್ಯ. ತನ್ನ ಅನ್ನವನ್ನು ಗರಗಸದಲ್ಲಿ ಎರಡು ಮಾಡಿ, ಒಳಗೆ ಎಷ್ಟು ಚೆನ್ನಾಗಿದೆ ನೋಡಿ ಎಂದು ತನಗೇ ತೋರಿಸುತ್ತಿದೆ ಈ ಮಗು.

"ನಾನು ರಿಪೇರಿಗೆ ಕೊಟ್ಟಿದ್ದು."

"ಸಹಿ ಹಾಕಿದ್ರಲ್ಲ ಅಕ್ಕ. ಪರೀಕ್ಷೆಗೆ ಅಂತಾನೇ ಬರ್ದಿತ್ತು. ಅದಕ್ಕೆ ಬದಲು ಹೊಸ ಕೈ ನಿಮಗೇ. ಇಟ್ಕೊಳ್ಳಿ."

ಹೊಸ ಕೈಯನ್ನು ಅವಳು ಬೇಡ ಅನ್ನಲಿಲ್ಲ. ಅದನ್ನು ಚೀಲಕ್ಕೆ ತುರುಕಿಕೊಂಡು ಮನೆಗೆ ಬಂದಳು. ಗಂಡ ಕೈಯನ್ನೂ ನೋಡಿದ, ಮುಖವನ್ನೂ ನೋಡಿದ, ಆವತ್ತು ಒಂದೂ ತಮಾಷೆ ಮಾಡಲಿಲ್ಲ.

ಸೋಮವಾರ ಅವಳು ಆ ಎಂಟನೆಯ ಕೈಯನ್ನೇ ಕಟ್ಟಿಕೊಂಡು ಟೇಬಲ್ಲಿಗೆ ಕೂತಳು. ಪ್ಲಾಸ್ಟಿಕ್ ಬೆರಳ ಕೆಳಗೆ ಹಾಳೆ ಜಾರಿತು. ಒತ್ತಿದರೆ ಬೆರಳು ಹಿಂದಕ್ಕೆ ಬಾಗಿತು. ಮೊಣಕೈ ಊರಿ ಹಿಡಿದಳು, ಗದ್ದ ಊರಿ ಹಿಡಿದಳು, ಹಲ್ಲಿನಲ್ಲಿ ದಾರ ಎಳೆದಳು. ಮಧ್ಯಾಹ್ನದ ತನಕ ಒಂದೇ ಒಂದು ಪುಸ್ತಕ, ಅದೂ ಸೊಟ್ಟ. ಮಾಲೀಕ ಅದನ್ನು ಎತ್ತಿ ನೋಡಿ, ಕೆಳಗಿಟ್ಟು, ಫೋನ್ ತೆಗೆದುಕೊಂಡು ಹೊರಗೆ ಹೋದ. ಭಾಮೈದನಿಗೇ ಎಂದು ಅವಳಿಗೆ ಗೊತ್ತಾಯಿತು.

ಅವನು ಒಳಗೆ ಬರುವ ಹೊತ್ತಿಗೆ ಪಾಯಿಂಟು ಎದೆಗೆ ಒಂದು ಗಂಟು ಅವುಚಿಕೊಂಡು ಬಂದು ನಿಂತಿದ್ದಳು. ಥೀಸಿಸ್. ಐದು ಪ್ರತಿ. ಬುಧವಾರ ಸಂಜೆಯೊಳಗೆ ಆಫೀಸಿಗೆ ಹೋಗಬೇಕು.

"ಬುಧವಾರ ಆಗಲ್ಲ. ನಾಳೆಯಿಂದ ಹೊಸಬ ಬರ್ತಾನೆ. ಅವನಿಗೆ ಹೊಲಿಗೆ ಬರಲ್ಲ, ಪಿನ್ ಹೊಡೆದು ಕೊಡ್ತಾನೆ" ಎಂದ ಮಾಲೀಕ.

"ಪಿನ್ ಹೊಡೆದಿದ್ದು ಆಫೀಸಲ್ಲಿ ತಗೊಳ್ಳಲ್ಲ ಸರ್. ಹೊಲಿಗೇನೇ ಆಗ್ಬೇಕು. ಬುಧವಾರ ತಪ್ಪಿದ್ರೆ ಆರು ತಿಂಗಳು ಮುಂದಕ್ಕೆ ಹೋಗತ್ತೆ. ನನಗೆ ಕೆಲಸ ಬೇರೆ ಸಿಕ್ಕಿದೆ." ಹುಡುಗಿ ಕಂಗಾಲಾಗಿ ಅವಳ ಕಡೆ ತಿರುಗಿದಳು. "ಅಕ್ಕಾ, ನೀವೇ ಹೊಲಿದುಕೊಡಿ."

ಹೊಲಿಗೆ ಅಕ್ಕ ಪ್ಲಾಸ್ಟಿಕ್ ಕೈಯನ್ನು ಬಿಚ್ಚಿ ಟೇಬಲ್ಲಿನ ಮೇಲಿಟ್ಟಳು. "ಇದ್ರಲ್ಲಿ ಆಗಲ್ಲ. ಹೊಲಿಯೋ ಕೊಕ್ಕೆ ನಿಮ್ಮ ಗಾಜಿನ ಪೆಟ್ಟಿಗೇಲಿದೆ. ಅಂಥದ್ದೇ ಇನ್ನೊಂದು ತಂದುಕೊಡು. ತಂದ ದಿನ ನಿನ್ನದು ಹೊಲೀತೀನಿ."

ಹುಡುಗಿ ಗಂಟನ್ನು ಅಲ್ಲೇ ಬಿಟ್ಟು ಲ್ಯಾಬಿನ ಕಡೆ ಹೋದಳು. ಮಾಲೀಕ ತಲೆ ಕೆರೆದುಕೊಂಡು, "ನಾಳೆ ಸಂಜೆ ತನಕ ನೋಡ್ತೀನಿ ಅಕ್ಕ" ಎಂದ.

ಮರುದಿನ ಬೆಳಿಗ್ಗೆ ಹತ್ತೂವರೆಗೆ ಪಾಯಿಂಟು ಕೊಕ್ಕೆ ತಂದಳು. ಉಕ್ಕಿನದೇ, ದವಡೆ ಎರಡು, ಸ್ಪ್ರಿಂಗ್ ಬಿಗಿ. ಅಂಚು ಒಂದು ಕಡೆ ಒರಟಾಗಿತ್ತು, ಪಟ್ಟಿ ಭುಜಕ್ಕೆ ಸ್ವಲ್ಪ ಗೀರುತ್ತಿತ್ತು. ಹಾಳೆಯ ಕಟ್ಟಿಗೆ ಹಾಕಿ ನೋಡಿದಳು. ಕಚ್ಚಿ ಹಿಡಿಯಿತು.

"ಎಷ್ಟು ಹೊತ್ತು ಹಿಡೀತು ಮಾಡೋಕೆ?"

"ಮೂರು ಗಂಟೆ. ಅಳತೆ ಎಲ್ಲ ಇತ್ತಲ್ಲ, ಕುಯ್ದಾಗ ತೆಗೆದದ್ದು."

ಮೂರು ಗಂಟೆ. ಏಳು ವರ್ಷ, ಎಂಟು ಕೈ, ಮೆಟ್ಟಿಲ ತನಕ ಮೇಜು, ಆ ಚಪ್ಪಾಳೆಯೆಲ್ಲ ಅವಳಿಗೆ ನೆನಪಾಯಿತು. ಎದ್ದು ಹೋಗಿ ಬಾಗಿಲಾಚೆ ಉಗಿದು ಬಂದು ಕೂತಳು. ಮಾಲೀಕ ಆಗಲೇ ಭಾಮೈದನಿಗೆ ಫೋನ್ ಮಾಡಿ, ಸದ್ಯಕ್ಕೆ ಬೇಡಪ್ಪ ಎನ್ನುತ್ತಿದ್ದ.

ಮೊದಲ ಪ್ರತಿಯನ್ನು ಜೋಡಿಸುವಾಗ ಅರವತ್ತೊಂದನೆಯ ಪುಟದಲ್ಲಿ ಅವಳ ಕೈ ನಿಂತಿತು. ಎರಡು ಹೋಳಾದ ಕೊಕ್ಕೆಯ ಚಿತ್ರ. ಕೆಳಗೆ ನಾಲ್ಕು ಸಾಲು. ಯೂಸರ್ ಒನ್ ಎಂಬ ಎರಡು ಪದ ಮಾತ್ರ ಅವಳಿಗೆ ಗುರುತು ಸಿಕ್ಕಿತು.

"ಇಲ್ಲಿ ನನ್ನ ಬಗ್ಗೆ ಏನು ಬರೆದಿದ್ದೀಯ? ನಮ್ಮ ಮಾತಲ್ಲಿ ಹೇಳು."

ಹುಡುಗಿ ಕಿಟಕಿಯ ಕಡೆ ನೋಡಿದಳು. "ಅದು... ಮಾಮೂಲಿ ಅಕ್ಕ."

"ಹೇಳು."

"ಹೊಸ ಕೈಯಿಂದ ಯೂಸರ್ ಒನ್‌ಗೆ ಪೂರ್ತಿ ತೃಪ್ತಿಯಾಗಿದೆ. ಹಳೆಯ ಕೊಕ್ಕೆಯನ್ನ ಅವರು..." ಧ್ವನಿ ಇಳಿಯಿತು. "ಅವರು ಸ್ವಂತ ಇಚ್ಛೆಯಿಂದ ಬಳಸೋದು ನಿಲ್ಲಿಸಿದ್ದಾರೆ."

ಅವಳು ಆ ಸಾಲುಗಳ ಮೇಲೆ ಬೆರಳಿಟ್ಟಳು.

"ಈ ಹಾಳೆ ತೆಗಿ."

"ಆಗಲ್ಲ ಅಕ್ಕ. ಗೈಡ್ ಸಹಿ ಆಗಿಹೋಗಿದೆ. ಪುಟದ ಲೆಕ್ಕ ತಪ್ಪಿದ್ರೆ ವಾಪಸ್ ಕಳಿಸ್ತಾರೆ." ಹುಡುಗಿಯ ಕಣ್ಣಲ್ಲಿ ನೀರು ಬಂದಿತ್ತು. "ಇದನ್ನ ಯಾರೂ ಓದಲ್ಲ ಅಕ್ಕ. ನಿಜವಾಗ್ಲೂ ಯಾರೂ ಓದಲ್ಲ."

ಆ ಮಾತು ಕೇಳಿದ ಮೇಲೆ ಹುಡುಗಿಯನ್ನು ಬೈಯಬೇಕೆಂದೂ ಅವಳಿಗೆ ಅನ್ನಿಸಲಿಲ್ಲ. ಮಾಲೀಕ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಇವರಿಬ್ಬರನ್ನೂ ನೋಡುತ್ತಿದ್ದ, ಫೋನ್ ಇನ್ನೂ ಅವನ ಕೈಯಲ್ಲೇ ಇತ್ತು. ಅವಳು ಸೂಜಿಗೆ ದಾರ ಪೋಣಿಸಿಕೊಂಡಳು. ಭುಜ ಮುಂದೆ ತಂದಳು, ಕೊಕ್ಕೆ ಬಾಯಿ ತೆರೆಯಿತು. ಅರವತ್ತೊಂದನೆಯ ಪುಟವನ್ನು ಉಳಿದ ಪುಟಗಳ ಜೊತೆ ಸಮ ಮಾಡಿ, ತಾನು ಸ್ವಂತ ಇಚ್ಛೆಯಿಂದ ಬಿಟ್ಟಂಥದ್ದೇ ಕೊಕ್ಕೆಯಲ್ಲಿ ಅದನ್ನು ಕಚ್ಚಿ ಹಿಡಿದು, ಬಿಗಿಯಾಗಿ ಹೊಲಿದಳು. ಐದು ಸಲ.