ಮೂಲೆ ಮಸುಕಾದ ಲೆನ್ಸು

ಬೈಲಹೊಂಗಲದಲ್ಲಿ ಮದುವೆಗಳ ಫೋಟೊ ತೆಗೆಯುವ ನಾನು, ಅಂತರ್ಜಾಲದಲ್ಲಿ ಪರೀಕ್ಷೆಯ ವರದಿ ಓದದೆ ಒಂದು ಲೆನ್ಸನ್ನೂ ಕೊಂಡವನಲ್ಲ. ಗೆರೆಗಳ ಹಾಳೆಯನ್ನು ಗೋಡೆಗೆ ಅಂಟಿಸಿ, ಅದರ ಫೋಟೊ ತೆಗೆದು, ಚಿತ್ರದ ಮೂಲೆಮೂಲೆಯನ್ನೂ ಅಳೆದು ಬರೆಯುವವರ ಮಾತು ನನಗೆ ಡಾಕ್ಟರರ ಚೀಟಿ ಇದ್ದಂತೆ.

ಸವದತ್ತಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಹಿರಿಯರೊಬ್ಬರು ತಮ್ಮ ಹಳೆಯ ಲೆನ್ಸು ಮಾರುತ್ತೇನೆಂದಾಗಲೂ ಮೊದಲು ವರದಿ ಹುಡುಕಿದೆ. ಮೂಲೆಗಳು ಮಸುಕು ಎಂದಿತ್ತು. ಬೇಡವೆಂದೆ.

“ಖರೇನ ಬರದಾರ್ರಿ, ಮೂಲಿ ಮಸಕ ಅದಾವ,” ಎಂದರು ಅವರು. “ಆದ್ರ ಒಂದ್ಸಲ ಹೂಲಿಗೆ ಬರ್ರಿ. ಲೆನ್ಸ್ ಹೆಂಗೈತಿ ಅಂತ ನಾ ಅಲ್ಲೇ ನೋಡ್ತೇನಿ.”

ಹೂಲಿಯ ಹಳೆಯ ಗುಡಿಯೊಳಗೆ ಬಾಗಿಲಿನಿಂದ ಬರುವಷ್ಟೇ ಬೆಳಕು. ಅವರು ಕರಿಗಲ್ಲಿನ ಕಂಬವೊಂದರ ಎದುರು ಕುಳಿತು, ಉಸಿರು ಹಿಡಿದು, ಒಂದೇ ಒಂದು ಫೋಟೊ ತೆಗೆದರು. ಅವರ ಹಿಂದೆ ನಿಂತು ನಾನು ಮೊಬೈಲಿನಲ್ಲಿ ಮತ್ತೊಮ್ಮೆ ವರದಿ ಓದುತ್ತಿದ್ದೆ.

ಕ್ಯಾಮೆರಾ ನನ್ನ ಕೈಗಿಟ್ಟರು. ಮೂಲೆಗಳು ವರದಿಯಲ್ಲಿದ್ದಂತೆಯೇ ಮಸುಕಾಗಿದ್ದವು. ನಡುವೆ ಕಂಬ. ನೂರಾರು ವರ್ಷಗಳ ಹಿಂದೆ ಯಾರೋ ಉಜ್ಜಿ ಉಜ್ಜಿ ಕನ್ನಡಿ ಮಾಡಿಟ್ಟ ಆ ಕಲ್ಲಿನಲ್ಲಿ ಗುಡಿಯ ಬಾಗಿಲು, ಅದರಾಚೆಯ ಬೇವಿನ ಮರ, ಮರದ ಒಂದೊಂದು ಎಲೆ. ಎಷ್ಟೋ ಸಲ ಬಂದು ನಾನು ಬೆನ್ನು ಕೊಟ್ಟು ಕೂತಿದ್ದ ಕಂಬವದು. ಅದರೊಳಗೆ ಇಷ್ಟೆಲ್ಲ ಇದೆಯೆಂದು ಗೊತ್ತೇ ಇರಲಿಲ್ಲ.

ಹಿಗ್ಗಿಸಿ ನೋಡಿದೆ. ಕುಳಿತ ಹಿರಿಯರ ಬಿಂಬದ ಹಿಂದೆ, ಉಗುರಿನಷ್ಟು ಚಿಕ್ಕದಾಗಿ ಒಬ್ಬ ಮನುಷ್ಯ ನಿಂತಿದ್ದ. ಅಂಥ ಕಂಬದ ಎದುರು ನಿಂತು, ತಲೆ ತಗ್ಗಿಸಿ ಮೊಬೈಲು ನೋಡುತ್ತಿದ್ದ.