ಟರ್ಬೊ ತಣ್ಣಗಾಗುವವರೆಗೆ ಕಾದ ಆರತಿ

ಫ್ರೆಂಡ್ಸ್, ಮದುವೆಯಾದ ಮೇಲೆ ಮೊದಲ ಸಲ ಗಂಡನ ಸೋದರತ್ತೆಯ ಮನೆಗೆ ಹೋದ ನಾನು ಇವತ್ತು ಬಾಗಿಲ ಹೊರಗೇ ನಿಂತಿದ್ದೆ!

ಮುಂಬೈಯ ಬೊರಿವಲಿಯಿಂದ ಮಾಟುಂಗ ತಲುಪಿದಾಗ ಅತ್ತೆ ಆರತಿ ತಟ್ಟೆ ಹಿಡಿದು ಬಿಲ್ಡಿಂಗ್ ಕೆಳಗೇ ಕಾಯುತ್ತಿದ್ದರು. ಜೋಡಿಯಾಗಿ ನಿಂತು ಆರತಿ ಆದ ಮೇಲೆಯೇ ಒಳಗೆ ಹೋಗಬೇಕು. ನಾನು ಸೀರೆ ಸರಿಮಾಡಿಕೊಂಡು ಖುಷಿಯಿಂದ ಇಳಿದೆ. ಡ್ರೈವ್ ಮಾಡುತ್ತಿದ್ದ ಗಂಡ ಸುಶಾಂತ್ ಇಳಿಯಲೇ ಇಲ್ಲ. ಕಳೆದ ವಾರವಷ್ಟೇ ಅವನು ಕಾರಿಗೆ ಹೊಸ ಟರ್ಬೊ ಹಾಕಿಸಿದ್ದಾನೆ. ಆಕ್ಸಿಲರೇಟರ್ ಮುಟ್ಟಿದರೆ ಸಾಕು, ಕಾರು ಚಿಮ್ಮಬೇಕಂತೆ.

“ಬೇಬಿ, ಒಂದೇ ನಿಮಿಷ. ಟರ್ಬೊ ಬಿಸಿ ಉಂಟು, ಕೂಡಲೇ ಇಂಜಿನ್ ಆಫ್ ಮಾಡಬಾರದು.”

“ಆನ್ ಇಟ್ಟೇ ಇಳಿಯೋ!”

“ಯಾರಾದ್ರೂ ತಗೊಂಡು ಹೋದ್ರೆ?”

ದೀಪ ಗಾಳಿಗೆ ಬಾಗುತ್ತಿತ್ತು. ಕಿಟಕಿಗಳಲ್ಲಿ ಅಕ್ಕಪಕ್ಕದವರ ಮುಖಗಳು ಕಾಣಿಸಿಕೊಂಡವು. ಒಳಗೆ ಹೋಗುವಂತಿಲ್ಲ, ಮತ್ತೆ ಕಾರು ಹತ್ತುವಂತೆಯೂ ಇಲ್ಲ.

“ಎಂತ ಮಾರಾಯ, ಹೆಂಡತಿಯನ್ನು ಬಿಸಿಲಲ್ಲಿ ನಿಲ್ಲಿಸಿ ಇಂಜಿನ್ ತಣ್ಣಗೆ ಮಾಡ್ತೀಯಾ?” ಎನ್ನುತ್ತ ಅತ್ತೆ ಸೀದಾ ಕಾರಿನ ಹತ್ತಿರ ಬಂದರು. “ಆಯ್ತು, ಮೊದಲ ಆರತಿ ನಿನ್ನ ಟರ್ಬೊಗೇ ಆಗ್ಲಿ!” ತಟ್ಟೆಯ ಕೆಂಪು ನೀರಿನಲ್ಲಿ ಬೆರಳದ್ದಿ ಬಿಳಿ ಬಾನೆಟ್ ಮೇಲೆ ಉದ್ದನೆಯ ತಿಲಕ ಎಳೆದರು.

“ಅತ್ತೇ, ಪೇಂಟ್!”

ಇಂಜಿನ್ ಆಫ್ ಆಗಿತ್ತು, ಸುಶಾಂತ್ ಹೊರಗಿದ್ದ. ಅತ್ತೆ ಅವನ ತೋಳು ಹಿಡಿದು ನನ್ನ ಪಕ್ಕ ನಿಲ್ಲಿಸಿದರು.

ಹೊಸ ಟರ್ಬೊ ಬಂದ ಮೇಲೂ ನಮ್ಮ ಕಾರು ಇಷ್ಟು ಬೇಗ ಚಿಮ್ಮಿದ್ದನ್ನು ನಾನು ನೋಡಿಲ್ಲ. ಅದರ ಯಜಮಾನನಿಗೆ ಚಿಮ್ಮಲು ಒಂದು ಬೆರಳು ಕೆಂಪು ನೀರು ಸಾಕಾಯಿತು.